ಸಿಂಕಿನಿಂದ ಹಾಸಿಗೆಯ ಪಕ್ಕಕ್ಕೆ: ನರ್ಸುಗಳ ಕೈ ಶುಚಿತ್ವ ನಡೆದು ಬಂದ ದಾರಿ

1997ರಲ್ಲಿ ಯುರೋಪಿನ ಇಬ್ಬರು ಸಂಶೋಧಕರು ಒಂದು ಲೆಕ್ಕ ಹಾಕಿದರು. 12 ಮಂದಿ ಸಿಬ್ಬಂದಿ ಇರುವ ಐಸಿಯುನಲ್ಲಿ ಕೈ ಶುಚಿ ಮಾಡಬೇಕಾದ ಪ್ರತಿ ಸಂದರ್ಭದಲ್ಲೂ ಎಲ್ಲರೂ ಸಿಂಕಿಗೆ ಹೋಗಿ ಸೋಪು ಹಾಕಿ ತೊಳೆದು ಬಂದರೆ, ಹಗಲಿನ ಒಂದು ಪಾಳಿಯಲ್ಲಿ ಅದಕ್ಕಾಗಿಯೇ ಶುಶ್ರೂಷೆಯ 16 ಗಂಟೆ ಖರ್ಚಾಗುತ್ತದೆ. ಹಾಸಿಗೆಯ ಪಕ್ಕದಲ್ಲೇ ಇಟ್ಟ ಆಲ್ಕೋಹಾಲ್ ದ್ರಾವಣವನ್ನು ಉಜ್ಜಿಕೊಂಡರೆ 3 ಗಂಟೆ ಸಾಕು. 16 ಗಂಟೆ ಎಂದರೆ, ಇಬ್ಬರು ನರ್ಸುಗಳು ಎಂಟು ಗಂಟೆಯ ಇಡೀ ಪಾಳಿ ಬೇರೇನೂ ಮಾಡದೆ ಕೈ ತೊಳೆಯುತ್ತಲೇ ನಿಂತಂತೆ. ಕೈ ತೊಳೆಯಬೇಕೆಂದು ಗೊತ್ತಿದ್ದೂ ಆಸ್ಪತ್ರೆಗಳಲ್ಲಿ ಅದು ಪೂರ್ತಿಯಾಗಿ ನಡೆಯದೇ ಹೋದುದಕ್ಕೆ ಉದಾಸೀನವೊಂದೇ ಕಾರಣವಲ್ಲ ಎಂಬುದನ್ನು ಈ ಲೆಕ್ಕ ತೋರಿಸಿತು. ಅಷ್ಟನ್ನು ಕಂಡುಕೊಳ್ಳಲು ವೈದ್ಯಲೋಕಕ್ಕೆ ನೂರೈವತ್ತು ವರ್ಷ ಹಿಡಿದಿತ್ತು.

ಕಥೆ ಶುರುವಾಗುವುದು ವಿಯೆನ್ನಾದ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದಲ್ಲಿ ಶೇ. 11ಕ್ಕೂ ಹೆಚ್ಚು ತಾಯಂದಿರು ಸತ್ತರು, ಎರಡನೆಯದರಲ್ಲಿ ಶೇ. 3ಕ್ಕೂ ಕಡಿಮೆ. ಮೊದಲ ವಿಭಾಗಕ್ಕೆ ತಮ್ಮನ್ನು ಸೇರಿಸಬೇಡಿ ಎಂದು ಹೆಂಗಸರು ಬೇಡಿಕೊಳ್ಳುತ್ತಿದ್ದರು. 1847ರ ಮಾರ್ಚ್‌ನಲ್ಲಿ ಕೊಲೆಷ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆಯ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ, ಬಾಣಂತಿಯರನ್ನು ಕೊಲ್ಲುತ್ತಿದ್ದ ನಂಜಿನ ಲಕ್ಷಣಗಳಿಂದಲೇ ತೀರಿಕೊಂಡಾಗ, ಅಲ್ಲಿ ಸಹಾಯಕರಾಗಿದ್ದ ಹಂಗೇರಿಯ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಕಾರಣ ಹೊಳೆಯಿತು: ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ಕೈಗಳೇ ನಂಜನ್ನು ಹೊತ್ತು ತರುತ್ತಿದ್ದವು. ಮೇ ತಿಂಗಳಿಂದ ಅವರು ಬಾಗಿಲ ಬಳಿ ಕ್ಲೋರಿನ್ ಸುಣ್ಣದ ನೀರು ಇಡಿಸಿದರು. ಇಂದು ನಮ್ಮ ಪಂಚಾಯಿತಿಯವರು ಬಾವಿಗೆ, ಚರಂಡಿಗೆ ಹಾಕುವ ಬ್ಲೀಚಿಂಗ್ ಪೌಡರ್ ಅದೇ. ಏಪ್ರಿಲ್‌ನಲ್ಲಿ ಶೇ. 18ರಷ್ಟಿದ್ದ ಸಾವು ಬೇಸಿಗೆ ಮುಗಿಯುವ ಹೊತ್ತಿಗೆ ಶೇ. 2ರ ಆಸುಪಾಸಿಗೆ ಇಳಿಯಿತು.

ಇಷ್ಟು ಭಾಗ ಹಲವರಿಗೆ ಗೊತ್ತಿದೆ. ಆದರೆ ಶುಶ್ರೂಷೆಯ ದೃಷ್ಟಿಯಿಂದ ಇನ್ನೂ ಮುಖ್ಯವಾದ ಘಟನೆ ನಡೆದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಗರ್ಭಕೋಶದ ಕ್ಯಾನ್ಸರಿನಿಂದ ಕೀವು ಸೋರುತ್ತಿದ್ದ ಹೆಂಗಸೊಬ್ಬಳನ್ನು ಸಾಲಿನ ಮೊದಲ ಹಾಸಿಗೆಯಲ್ಲಿ ಪರೀಕ್ಷಿಸಿದ ವೈದ್ಯರು, ಸೋಪಿನಲ್ಲಿ ಮಾತ್ರ ಕೈ ತೊಳೆದು, ಅದೇ ಸುತ್ತಿನಲ್ಲಿ ಉಳಿದವರನ್ನೂ ಮುಟ್ಟಿದರು; 12 ಮಂದಿಯಲ್ಲಿ 11 ಮಂದಿ ಸತ್ತರು. ನಂಜಿಗೆ ಶವವೇ ಬೇಕಿಲ್ಲ, ಜೀವಂತ ರೋಗಿಯಿಂದಲೂ ಅದು ಕೈಯ ಮೂಲಕ ಪಕ್ಕದ ಹಾಸಿಗೆಗೆ ದಾಟುತ್ತದೆ ಎಂದು ಆಗ ತಿಳಿಯಿತು. ವಾರ್ಡಿಗೆ ಕಾಲಿಡುವಾಗ ಒಮ್ಮೆ ತೊಳೆದರೆ ಸಾಲದು, ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಯ ಬಳಿಗೆ ಹೋಗುವಾಗಲೆಲ್ಲ ಕೈ ಶುಚಿಯಾಗಬೇಕು ಎಂಬ ನಿಯಮದ ಮೂಲ ಇಲ್ಲಿದೆ. ಆ ಕಾಲದ ಹಿರಿಯ ವೈದ್ಯರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಸೆಮ್ಮೆಲ್‌ವೈಸ್ 1865ರಲ್ಲಿ ಮಾನಸಿಕ ಚಿಕಿತ್ಸಾಲಯವೊಂದರಲ್ಲಿ ತೀರಿಕೊಂಡರು.

ಕ್ರಿಮಿಯಾ ಯುದ್ಧಕಾಲದಲ್ಲಿ ಸೈನಿಕರ ಆರೈಕೆ ಮಾಡಿ, 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಸ್ಥಾಪಿಸಿದ ಫ್ಲಾರೆನ್ಸ್ ನೈಟಿಂಗೇಲ್, ನರ್ಸು ದಿನದಲ್ಲಿ ಪದೇ ಪದೇ ಕೈ ತೊಳೆಯಬೇಕು ಎಂದು ಬರೆದಿದ್ದರು. ರೋಗಾಣುಗಳ ಸಿದ್ಧಾಂತ ಇನ್ನೂ ನೆಲೆಗೊಂಡಿರಲಿಲ್ಲ. ಕೆಟ್ಟ ಗಾಳಿಯೇ ಕಾಯಿಲೆ ತರುತ್ತದೆಂದು ಅವರೂ ನಂಬಿದ್ದರು. ಹಾಗಿದ್ದರೂ ಅವರ ಕಾಲದಿಂದ ಕೈಯ ಶುಚಿತ್ವ ನರ್ಸಿನ ಕಸುಬಿನ ಭಾಗವಾಯಿತು.

ಆ ಕೈಗಳ ಚರ್ಮ ಏನಾಗುತ್ತದೆ ಎಂಬುದರ ಬಗ್ಗೆ ಮಾತ್ರ ಬಹಳ ಕಾಲ ಯಾರೂ ಯೋಚಿಸಲಿಲ್ಲ. 1889ರ ಸುಮಾರಿಗೆ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯ ಮುಖ್ಯ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ಪಾದರಸದ ಲವಣದ ದ್ರಾವಣದಲ್ಲಿ ಕೈ ಅದ್ದಿ ಅದ್ದಿ ಚರ್ಮ ಕೆರಳಿ ಹುಣ್ಣಾಗತೊಡಗಿತ್ತು. ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಆಕೆಗಾಗಿ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ತೆಳುವಾದ ಕೈಗವಸು ಮಾಡಿಸಿದರು. ರೋಗಿಯ ರಕ್ಷಣೆಗೆಂದು ನಾವು ತಿಳಿದಿರುವ ಗ್ಲೌಸ್ ಹುಟ್ಟಿದ್ದು ಒಬ್ಬ ನರ್ಸಿನ ಬೆಂದ ಕೈಗಳಿಗಾಗಿ. ಗ್ಲೌಸ್ ಹಾಕಿದ ಮಾತ್ರಕ್ಕೆ ಕೈ ಶುಚಿ ಮಾಡುವುದು ತಪ್ಪುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಒಂದೇ ಜೊತೆ ಗ್ಲೌಸಿನಲ್ಲಿ ನಾಲ್ಕು ಹಾಸಿಗೆ ಸುತ್ತಿದರೆ ರಕ್ಷಣೆ ಸಿಗುವುದು ಹಾಕಿಕೊಂಡವರಿಗೆ ಮಾತ್ರ.

ದೊಡ್ಡ ತಿರುವು ಬಂದದ್ದು ಜಿನೀವಾದಲ್ಲಿ. ಅಲ್ಲಿನ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ವೈದ್ಯ ದಿದಿಯೆ ಪಿಟೆ ಮತ್ತು ಸಂಗಡಿಗರು ಕೆಲಸದ ಒತ್ತಡ ಹೆಚ್ಚಿದಷ್ಟೂ ಕೈ ಶುಚಿಗೊಳಿಸುವುದು ಕಡಿಮೆಯಾಗುವುದನ್ನು ಗಮನಿಸಿದರು. ಸಿಂಕನ್ನು ನಂಬಿ ಕೂರದೆ ಆಲ್ಕೋಹಾಲ್ ಹ್ಯಾಂಡ್‌ರಬ್ಬನ್ನು ಪ್ರತಿ ಹಾಸಿಗೆಯ ಬಳಿಗೂ, ಸಿಬ್ಬಂದಿಯ ಜೇಬಿಗೂ ತಂದರು. 1994ರಿಂದ 1997ರ ಒಳಗೆ ಕೈ ಶುಚಿಯ ನಿಯಮ ಪಾಲನೆ ಶೇ. 48ರಿಂದ 66ಕ್ಕೆ ಏರಿತು, ಆಸ್ಪತ್ರೆಯಲ್ಲೇ ತಗುಲುವ ಸೋಂಕು 1998ರ ಹೊತ್ತಿಗೆ ಶೇ. 16.9ರಿಂದ 9.9ಕ್ಕೆ ಇಳಿಯಿತು. ಸುಧಾರಣೆ ಎದ್ದು ಕಂಡದ್ದು ನರ್ಸುಗಳಲ್ಲಿ. ವೈದ್ಯರ ಪಾಲನೆ ಹೆಚ್ಚೇನೂ ಮೇಲೇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಗೆ ಈ ಅನುಭವವೇ ಮುಖ್ಯ ಆಧಾರ. ಸಂಸ್ಥೆ ಸೂಚಿಸಿದ ದ್ರಾವಣದಲ್ಲಿ ಶೇ. 80 ಎಥನಾಲ್ ಎಂಬ ಆಲ್ಕೋಹಾಲ್ ಜೊತೆ ಶೇ. 1.45 ಗ್ಲಿಸರಾಲ್ ಇರುವುದು ಚರ್ಮ ಒಡೆಯದಿರಲೆಂದು.

ಕೈ ಶುಚಿ ಮಾಡಲೇಬೇಕೆಂದು ಆ ಮಾರ್ಗಸೂಚಿ ಹೇಳುವ ಐದು ಸಂದರ್ಭಗಳನ್ನು ನಮ್ಮದೇ ಒಂದು ವಾರ್ಡಿನಲ್ಲಿಟ್ಟು ನೋಡೋಣ. ನರ್ಸು ರೋಗಿಯ ನಾಡಿ ಹಿಡಿಯುವ ಮುನ್ನ ಒಮ್ಮೆ. ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ಕೊಳವೆಯಾದ ಕ್ಯಾನುಲಾಗೆ ಇಂಜೆಕ್ಷನ್ ಕೊಡುವ ಮುನ್ನ ಮತ್ತೊಮ್ಮೆ. ಮೂತ್ರದ ಚೀಲ ಖಾಲಿ ಮಾಡಿ ಗ್ಲೌಸ್ ತೆಗೆದ ಮೇಲೆ. ರೋಗಿಯನ್ನು ಮಗ್ಗುಲಾಗಿಸಿ ಮಲಗಿಸಿದ ಮೇಲೆ. ಕೊನೆಗೆ ರೋಗಿಯನ್ನು ಮುಟ್ಟದೆ ಮಂಚದ ಕಂಬಿ ಅಥವಾ ಡ್ರಿಪ್ ಸ್ಟ್ಯಾಂಡನ್ನು ಮಾತ್ರ ಮುಟ್ಟಿದ್ದರೂ ಸಹ. ಪ್ರತಿ ಸಲವೂ 20ರಿಂದ 30 ಸೆಕೆಂಡು, ಹೆಬ್ಬೆರಳು ಮತ್ತು ಉಗುರಿನ ತುದಿ ಬಿಡದಂತೆ. ಕೈಗೆ ರಕ್ತ, ಮಲ ಅಂಟಿದ್ದು ಕಾಣುತ್ತಿದ್ದರೆ ಹ್ಯಾಂಡ್‌ರಬ್ ಸಾಲದು, ಸೋಪು ನೀರೇ ಬೇಕು. ಇಷ್ಟರ ನಡುವೆ ಮೂರನೇ ಹಾಸಿಗೆಯ ಕಡೆಯಿಂದ "ಸಿಸ್ಟರ್, ಡ್ರಿಪ್ ಮುಗೀತು" ಎಂಬ ಕೂಗು ಬಂದಾಗ ಆಕೆಯ ಕೈಗೆ ಎಟುಕುವ ದೂರದಲ್ಲಿ ಬಾಟಲಿ ಇದೆಯೇ, ಅದರಲ್ಲಿ ದ್ರಾವಣ ಇದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಭಾರತದಲ್ಲಿ 2015ರಲ್ಲಿ ಶುರುವಾದ ಕಾಯಕಲ್ಪ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳ ಸ್ವಚ್ಛತೆ ಮತ್ತು ಸೋಂಕು ನಿಯಂತ್ರಣಕ್ಕೆ ಅಂಕ ಕೊಡಲಾಗುತ್ತದೆ, ಕರ್ನಾಟಕದ ಆಸ್ಪತ್ರೆಗಳೂ ಅದರಲ್ಲಿವೆ. 2020ರಲ್ಲಿ ಸೋಂಕು ತಡೆಗೆ ರಾಷ್ಟ್ರೀಯ ಮಾರ್ಗಸೂಚಿಯೂ ಬಂತು. ಆದರೆ ನಮ್ಮ ವಾರ್ಡುಗಳಲ್ಲಿ ರೋಗಿಗೆ ಗಂಜಿ ಕುಡಿಸುವವರು, ಬೆನ್ನು ಒರೆಸುವವರು, ಬೆಡ್‌ಪ್ಯಾನ್ ಇಡುವವರು ಬಹುಪಾಲು ಮನೆಯವರೇ. ಪಕ್ಕದ ಹಾಸಿಗೆಯ ಅಜ್ಜಿಯನ್ನು ಎಬ್ಬಿಸಿ ಕೂರಿಸಲು ಕೈ ಕೊಡುವವರೂ ಅವರೇ. ಸಿಬ್ಬಂದಿಗೆಂದು ಬರೆದ ಆ ಐದು ಸಂದರ್ಭಗಳು ಅವರ ಕೈಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ರೋಗಿ ದಾಖಲಾದ ದಿನವೇ ಅವರಿಗೆ ಹ್ಯಾಂಡ್‌ರಬ್ ಉಜ್ಜುವುದನ್ನು ತೋರಿಸಿಕೊಡುವ ಕೆಲಸವೂ ಸದ್ಯಕ್ಕೆ ಡ್ಯೂಟಿಯಲ್ಲಿರುವ ಆ ನರ್ಸಿನ ಪಾಲಿಗೇ ಬಂದಿದೆ.