ಆದುಕೊಂಡವರು: ಆರಿಸಿದ್ದು ಯಾರು, ಕೈ ಒಡ್ಡಿದ್ದು ಯಾರು?

ನಮ್ಮಜ್ಜಿ ಮಂಡ್ಯದ ಮನೆಯ ಜಗುಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆಯುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಬೈಬಲ್ ಓದಿ ಹೇಳಬೇಕು. ಅವರ ಕಣ್ಣು ಮಂಜು, ನನ್ನ ಓದೂ ಅಷ್ಟಕ್ಕಷ್ಟೆ. ಒಂದು ದಿನ ‘ದೇವರಾದುಕೊಂಡವರು’ ಅನ್ನುವ ಪದ ಬಂತು. ನಾನು ಅದನ್ನು ‘ದೇವರಾದವರು’ ಅಂದುಕೊಂಡೆ. ‘ಮನುಷ್ಯರು ದೇವರಾಗೋದು ಹೆಂಗಜ್ಜಿ?’ ಅಂತ ಕೇಳಿದೆ. ಅಜ್ಜಿ ಮೊರ ಅಲ್ಲಾಡಿಸುತ್ತಾ, ‘ಆಗೋದಲ್ಲ ಕಣ್ ಮಗ, ಆಯೋದು. ಈಗ ನಾನು ಅಕ್ಕಿ ಆಯ್ತಾ ಇಲ್ವಾ, ಹಂಗೆ’ ಅಂದರು.

ಪದದ ಅರ್ಥ ಅಷ್ಟೇ. ‘ಆಯ್’ ಅಂದರೆ ಆರಿಸು. ಇಲ್ಲಿ, ದೇವರು ರಕ್ಷಣೆಗೆ, ಅಂದರೆ ಮುಕ್ತಿಗೆ, ಆರಿಸಿಕೊಂಡವರು. ‘ಆಯ್ದುಕೊಂಡವರು’ ಅನ್ನುವುದೇ ಹಳೇ ಬೈಬಲ್‌ನಲ್ಲಿ ‘ಆದುಕೊಂಡವರು’ ಆಗಿದೆ. ಹೊಸ ಅನುವಾದಗಳಲ್ಲಿ ‘ಆರಿಸಿಕೊಂಡವರು’, ‘ಆಯ್ಕೆಯಾದವರು’ ಅಂತ ಸಲೀಸಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೂ ಎಲೆಕ್ಷನ್ ಅಂತಲೇ ಹೆಸರು. ಎಲೆಕ್ಷನ್ ಅಂದರೇನು ಅಂತ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಎಲೆಕ್ಷನ್‌ನಲ್ಲಿ ಓಟು ಹಾಕುವವನು ಒಬ್ಬನೇ. ಅದನ್ನೂ ಲೋಕ ಹುಟ್ಟುವ ಮೊದಲೇ ಹಾಕಿ ಮುಗಿಸಿದ್ದಾನೆ. ಬೈಬಲ್‌ನ ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಹಾಗಂತ ಇದೆ.

ಅಜ್ಜಿಯ ಹೋಲಿಕೆ ಚೆನ್ನಾಗಿದೆ. ಆದರೆ ಅದರೊಳಗೂ ಒಂದು ಕಲ್ಲಿದೆ. ಮೊರದಲ್ಲಿ ಕೈಯಿಡುವ ಮೊದಲೇ ಇದು ಅಕ್ಕಿ, ಅದು ಕಲ್ಲು. ಒಳ್ಳೆಯದು ಉಳಿಯುತ್ತದೆ, ಕೆಟ್ಟದ್ದು ಅಂಗಳಕ್ಕೆ ಹೋಗುತ್ತದೆ. ಬೈಬಲ್ ಹೇಳುವ ಆಯ್ಕೆ ಹೀಗಿಲ್ಲ. ಧರ್ಮೋಪದೇಶಕಾಂಡದ 7ನೇ ಅಧ್ಯಾಯದಲ್ಲಿ ಇಸ್ರಾಯೇಲರಿಗೆ ನೇರವಾಗಿಯೇ ಹೇಳಿದೆ: ನೀವು ಜಾಸ್ತಿ ಜನ ಇದ್ದೀರಿ ಅಂತ ದೇವರು ನಿಮ್ಮನ್ನು ಆರಿಸಲಿಲ್ಲ, ಪ್ರೀತಿಯಿಂದ ಆರಿಸಿದ. ಕೊರಿಂಥದವರಿಗೆ ಪತ್ರ ಬರೆಯುವಾಗ ಯೇಸುವಿನ ಅಪೊಸ್ತಲ ಪೌಲ ಇನ್ನೂ ಮುಂದೆ ಹೋಗುತ್ತಾನೆ. ದೇವರು ಆರಿಸಿಕೊಂಡದ್ದು ಲೋಕ ಕಡೆಗಣಿಸಿದವರನ್ನು, ಬಲವಿಲ್ಲದವರನ್ನು ಅನ್ನುತ್ತಾನೆ.

ಇದಕ್ಕೆ ಹೊಂದುವ ಮಾತು ಕನ್ನಡದಲ್ಲೇ ಇದೆ, ಚಿಂದಿ ಆಯುವುದು. ಬೀದಿಯಲ್ಲಿ ಬಿದ್ದದ್ದಕ್ಕೆ ಬೆಲೆ ಇರಲಿಲ್ಲ. ಯಾರೋ ಬಗ್ಗಿ ಕೈಗೆತ್ತಿಕೊಂಡರು, ಆಮೇಲೆ ಬೆಲೆ ಬಂತು. ನನಗೆ ಅಜ್ಜಿಯ ಅಕ್ಕಿಗಿಂತ ಈ ಚಿಂದಿಯೇ ಪೌಲನಿಗೆ ಹತ್ತಿರ ಅನ್ನಿಸುತ್ತದೆ. ಅಜ್ಜಿ ಒಪ್ಪುತ್ತಿರಲಿಲ್ಲ ಬಿಡಿ.

ತಕರಾರು ಶುರುವಾಗುವುದು ಇಲ್ಲಿಂದಲೇ. ಬೀದಿಯಲ್ಲಿ ಬಿದ್ದದ್ದೆಲ್ಲ ಒಂದೇ ಥರದ ಚಿಂದಿ ಆದರೆ, ಕೆಲವನ್ನು ಎತ್ತಿಕೊಂಡು ಕೆಲವನ್ನು ಬಿಟ್ಟದ್ದು ಯಾಕೆ? ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಯಾಕೋಬ, ಏಸಾವ ಅನ್ನುವ ಅವಳಿ ಮಕ್ಕಳ ಮಾತು ಬರುತ್ತದೆ. ಅವರು ಹುಟ್ಟುವ ಮೊದಲೇ, ಒಳ್ಳೆಯದು ಕೆಟ್ಟದ್ದು ಏನೂ ಮಾಡುವ ಮೊದಲೇ, ಆಯ್ಕೆ ಆಗಿಹೋಗಿದೆ. ಇದು ನ್ಯಾಯವಾ ಅಂತ ಕೇಳಿದವರಿಗೆ ಪೌಲ ಕುಂಬಾರನನ್ನು ತೋರಿಸುತ್ತಾನೆ. ಒಂದೇ ಮಣ್ಣಿನ ಮುದ್ದೆಯಿಂದ ಎರಡು ಥರದ ಪಾತ್ರೆ ಮಾಡಲು ಕುಂಬಾರನಿಗೆ ಹಕ್ಕಿಲ್ಲವಾ ಅನ್ನುತ್ತಾನೆ. ಅದೇ ಬೈಬಲ್‌ನಲ್ಲಿ, ಎಲ್ಲರೂ ರಕ್ಷಣೆ ಹೊಂದಬೇಕು ಅನ್ನುವುದೇ ದೇವರ ಇಷ್ಟ ಅಂತ ತಿಮೊಥೆಯನಿಗೆ ಬರೆದ ಮೊದಲ ಪತ್ರವೂ ಇದೆ. ಜೀವವೋ ಮರಣವೋ, ನೀವೇ ಆರಿಸಿಕೊಳ್ಳಿ ಅನ್ನುವ ಮೋಶೆಯೂ ಇದ್ದಾನೆ. ಸುಮಾರು 1600 ವರ್ಷದ ಜಗಳಕ್ಕೆ ಈ ಸಾಲುಗಳೇ ಬಂಡವಾಳ.

ಜಗಳ ಕಾವೇರಿದ್ದು 5ನೇ ಶತಮಾನದ ಆರಂಭದಲ್ಲಿ. ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ತನ್ನ ಪ್ರಾರ್ಥನೆಯೊಂದರಲ್ಲಿ, ನೀನು ಆಜ್ಞಾಪಿಸಿದ್ದನ್ನು ಮಾಡುವ ಶಕ್ತಿಯನ್ನೂ ನೀನೇ ಕೊಡು, ಆಮೇಲೆ ಏನು ಬೇಕಾದರೂ ಆಜ್ಞಾಪಿಸು ಅಂತ ದೇವರನ್ನು ಕೇಳಿದ್ದ. ರೋಮ್‌ನಲ್ಲಿದ್ದ ಬ್ರಿಟನ್ ಮೂಲದ ಬೋಧಕ ಪೆಲೇಜಿಯಸ್‌ಗೆ ಇದು ಕೇಳಿ ಮೈ ಉರಿಯಿತು. ಎಲ್ಲವನ್ನೂ ದೇವರೇ ಮಾಡಿಸುವುದಾದರೆ ಜನ ಕೈ ಕಟ್ಟಿ ಕೂರುತ್ತಾರೆ, ತಪ್ಪಿಗೆ ಹೊಣೆ ಯಾರು ಅನ್ನುವುದು ಅವನ ವಾದ. ಮೇಷ್ಟ್ರಾದವರು ಯಾರೇ ಆಗಲಿ ಪೆಲೇಜಿಯಸ್‌ನ ಸಂಕಟವನ್ನು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ 418ರಲ್ಲಿ ಕಾರ್ತೇಜ್‌ನಲ್ಲಿ ಸೇರಿದ ಬಿಷಪ್‌ಗಳ ಸಭೆ ಅವನ ಬೋಧನೆಯನ್ನು ತಳ್ಳಿಹಾಕಿತು. 529ರಲ್ಲಿ ಫ್ರಾನ್ಸ್‌ನ ಆರೇಂಜ್‌ನಲ್ಲಿ ಸೇರಿದ ಸಭೆ ನಡುವಿನ ದಾರಿ ಹಿಡಿಯಿತು. ಮೊದಲ ಹೆಜ್ಜೆ ದೇವರ ಕೃಪೆಯದ್ದೇ, ಆದರೆ ದೇವರು ಯಾರನ್ನೂ ಕೆಟ್ಟದ್ದಕ್ಕೆ ಅಂತ ನೇಮಿಸಿಲ್ಲ ಅಂತ ಅದು ಹೇಳಿತು.

ಸಾವಿರ ವರ್ಷ ಆದಮೇಲೆ ಪ್ರಶ್ನೆ ಮತ್ತೆ ಎದ್ದು ಕೂತಿತು. 1524ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಮನುಷ್ಯನ ಸ್ವತಂತ್ರ ಚಿತ್ತದ ಪರ ಬರೆದ. ಮರುವರ್ಷವೇ ಜರ್ಮನಿಯ ಪ್ರೊಟೆಸ್ಟೆಂಟ್ ಸುಧಾರಕ ಲೂಥರ್, ಆ ಚಿತ್ತ ಸ್ವತಂತ್ರವಲ್ಲ, ಗುಲಾಮ ಅಂತ ಉತ್ತರ ಕೊಟ್ಟ. ಜಿನೀವಾದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಇದನ್ನು ಕೊನೆಯವರೆಗೂ ಎಳೆದು ಹೇಳಿದ: ಕೆಲವರನ್ನು ಜೀವಕ್ಕೆ, ಕೆಲವರನ್ನು ನಾಶಕ್ಕೆ, ಎರಡೂ ಮೊದಲೇ ನಿರ್ಣಯ. ಹೇಳುವಾಗ ಅವನಿಗೇ ಎದೆ ನಡುಗಿದಂತಿದೆ. ಆ ನಿರ್ಣಯವನ್ನು ‘ಭಯ ಹುಟ್ಟಿಸುವಂಥದ್ದು’ ಅಂತ ಅವನೇ ಬರೆದಿದ್ದಾನೆ. ಕ್ಯಾಲ್ವಿನ್‌ನನ್ನು ಕಲ್ಲೆದೆಯವನು ಅನ್ನುವವರು ಆ ಮಾತನ್ನು ಓದಿರುವುದಿಲ್ಲ.

‘ಇದು ನಮ್ಮ ಹಣೆಬರಹ ಅಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ. ಹಣೆಬರಹದಲ್ಲಿ ಬಸ್ ತಪ್ಪಿದ್ದು, ಸಂಬಂಧ ಕೂಡಿಬಂದದ್ದು, ಬೆಳೆ ಕೈಕೊಟ್ಟದ್ದು ಎಲ್ಲ ಸೇರುತ್ತದೆ. ಅದರ ಹಿಂದೆ ಕರ್ಮದ ಲೆಕ್ಕವೂ ಇರುತ್ತದೆ. ಆದುಕೊಳ್ಳುವುದರಲ್ಲಿ ಲೆಕ್ಕವೇ ಇಲ್ಲ, ಅದೇ ಅದರ ಸಮಾಧಾನ, ಅದೇ ಅದರ ಕಾಟ.

ಈಗ ಕೈಯ ವಿಷಯಕ್ಕೆ ಬರೋಣ. ಹಾಲೆಂಡ್‌ನ ಲೈಡನ್‌ನಲ್ಲಿ ಯಾಕೋಬಸ್ ಆರ್ಮಿನಿಯಸ್ ಅನ್ನುವ ಪ್ರೊಫೆಸರ್ ಇದ್ದ. ಅವನೂ ಕ್ಯಾಲ್ವಿನ್ ಸಂಪ್ರದಾಯದಲ್ಲೇ ಓದಿದವನು. ಅವನ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಹಸಿದ ಭಿಕ್ಷುಕನಿಗೆ ಶ್ರೀಮಂತನೊಬ್ಬ ಭಿಕ್ಷೆ ಕೊಡುತ್ತಾನೆ. ಅದನ್ನು ತೆಗೆದುಕೊಳ್ಳಲು ಭಿಕ್ಷುಕ ಕೈ ಒಡ್ಡಿದ. ಕೈ ಒಡ್ಡಿದ ಮಾತ್ರಕ್ಕೆ ಅದು ದಾನ ಅಲ್ಲದೆ ಹೋಗುತ್ತದಾ? ನಮಗೆ ಇದು ತಟ್ಟನೆ ಹೊಳೆಯುತ್ತದೆ. ಪ್ರಸಾದವನ್ನು ಯಾರೂ ದುಡಿದು ಸಂಪಾದಿಸುವುದಿಲ್ಲ, ಆದರೂ ಕೈ ಒಡ್ಡದೆ ಅದು ಅಂಗೈಗೆ ಬೀಳುವುದಿಲ್ಲ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಕಥೋಲಿಕರು ‘ನಮೋ ಮರಿಯಾ, ವರಪ್ರಸಾದ ಪೂರ್ಣೆ’ ಅನ್ನುವಾಗ ಇರುವುದೂ ಅದೇ ಪ್ರಸಾದ. ಪ್ರೊಟೆಸ್ಟೆಂಟರು ‘ಕೃಪೆ’ ಅನ್ನುವುದನ್ನು ಅವರು ‘ವರಪ್ರಸಾದ’ ಅನ್ನುತ್ತಾರೆ.

ಕ್ಯಾಲ್ವಿನ್ ಕಡೆಯವರು ಸುಮ್ಮನಿರಲಿಲ್ಲ. ಬೈಬಲ್ ಪಾಪಿಯನ್ನು ಹಸಿದವನು ಅನ್ನುವುದಿಲ್ಲ, ಸತ್ತವನು ಅನ್ನುತ್ತದೆ. ಸತ್ತವನು ಕೈ ಒಡ್ಡುವುದು ಹೇಗೆ ಅಂದರು. ಸತ್ತು ಸಮಾಧಿಯಲ್ಲಿದ್ದ ಲಾಜರನನ್ನು ಯೇಸು ಹೊರಗೆ ಬಾ ಅಂತ ಕರೆದಾಗ, ಬರಲೋ ಬೇಡವೋ ಅಂತ ಅವನು ಒಳಗೆ ಕೂತು ಯೋಚಿಸಿದನಾ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ.

ಆರ್ಮಿನಿಯಸ್ 1609ರಲ್ಲಿ ತೀರಿಕೊಂಡ. ಮರುವರ್ಷ ಅವನ ಶಿಷ್ಯರು ಐದು ಅಂಶಗಳ ಮನವಿ ಸಲ್ಲಿಸಿದರು. 1618ರ ನವೆಂಬರ್‌ನಿಂದ 1619ರ ಮೇವರೆಗೆ ಡೋರ್ಟ್ ಪಟ್ಟಣದಲ್ಲಿ ಡಚ್ ಚರ್ಚಿನ ದೊಡ್ಡ ಸಭೆ ನಡೆದು ಅದನ್ನು ತಿರಸ್ಕರಿಸಿತು. ಕ್ಯಾಲ್ವಿನ್‌ವಾದದ ಐದು ಅಂಶಗಳು ಅಂತ ಈಗ ಹೇಳುವುದು ಆ ಸಭೆಯ ಉತ್ತರವನ್ನೇ. ಇಂಗ್ಲಿಷಿನಲ್ಲಿ ಅವುಗಳ ಮೊದಲ ಅಕ್ಷರ ಸೇರಿಸಿ ‘ಟುಲಿಪ್’ ಅಂತ ನೆನಪಿಟ್ಟುಕೊಳ್ಳುತ್ತಾರೆ. ಹೂವಿನ ಹೆಸರಾದರೂ ಆ ದಿನಗಳು ಹೂವಿನಂತಿರಲಿಲ್ಲ. ಸುಮಾರು 200 ಬೋಧಕರ ಕೆಲಸ ಹೋಯಿತು. ಧರ್ಮದ ಜಗಳದ ಜೊತೆ ರಾಜಕೀಯವೂ ಬೆರೆತು, ಆರ್ಮಿನಿಯಸ್ ಕಡೆಯವರಿಗೆ ಆಸರೆಯಾಗಿದ್ದ ಹಿರಿಯ ಮುತ್ಸದ್ದಿ ಓಲ್ಡನ್‌ಬಾರ್ನವೆಲ್ಟ್ ತಲೆ ಉರುಳಿತು. ಕಾನೂನು ಪಂಡಿತ ಹ್ಯೂಗೋ ಗ್ರೋಶಿಯಸ್‌ಗೆ ಜೀವಾವಧಿ ಸೆರೆ. ಅವನು 1621ರಲ್ಲಿ ಹೆಂಡತಿಯ ಉಪಾಯದಿಂದ ಪುಸ್ತಕದ ಪೆಟ್ಟಿಗೆಯೊಳಗೆ ಮಡಚಿ ಕೂತು ಕೋಟೆಯಿಂದ ಪಾರಾದ. ಅದು ಮೊದಲೇ ನೇಮಕವಾಗಿತ್ತೋ, ಹೆಂಡತಿಯ ಸ್ವಂತ ಬುದ್ಧಿಯೋ, ಅವರವರ ಪಕ್ಷಕ್ಕೆ ತಕ್ಕಂತೆ ಹೇಳಿಕೊಳ್ಳಬಹುದು.

ಕಥೋಲಿಕರಲ್ಲೂ ಇದೇ ಹೊತ್ತಿಗೆ ಇದೇ ಜಗಳ. ಗುರುಗಳ ಎರಡು ಸಂಘ, ಡೊಮಿನಿಕನ್ನರು ಒಂದು ಕಡೆ, ಜೆಸ್ವಿಟರು ಇನ್ನೊಂದು ಕಡೆ. ರೋಮ್‌ನಲ್ಲಿ ವರ್ಷಗಟ್ಟಲೆ ವಿಚಾರಣೆ ನಡೆಯಿತು. 1607ರಲ್ಲಿ ಪೋಪ್ ಐದನೇ ಪಾಲ್ ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡದೆ, ಒಬ್ಬರನ್ನೊಬ್ಬರು ಬೈಯಬೇಡಿ ಅಂತ ಹೇಳಿ ಕಳಿಸಿದ. ಊರ ಪಂಚಾಯ್ತಿಯಲ್ಲಿ ಹಿರಿಯರು ಮಾಡುವುದೂ ಹೀಗೇ ಅಲ್ವಾ?

ಮೈಸೂರಿಗೆ ಈ ಜಗಳ ಬಂದದ್ದು ಒಂದು ಕಡೆ ವಾಲಿಕೊಂಡೇ. ಇಲ್ಲಿ ಹಾರ್ಡ್ವಿಕ್ ಶಾಲೆ, ಮಿಷನ್ ಆಸ್ಪತ್ರೆ, ಕನ್ನಡದ ಅಚ್ಚುಕೂಟ ನಡೆಸಿದವರು ವೆಸ್ಲಿಯನ್ ಮೆಥಡಿಸ್ಟರು, ಇಂಗ್ಲೆಂಡಿನ ಒಂದು ಪ್ರೊಟೆಸ್ಟೆಂಟ್ ಪಂಗಡ. ಅವರ ಮೂಲಪುರುಷ ಜಾನ್ ವೆಸ್ಲಿ ಕಟ್ಟಾ ಆರ್ಮಿನಿಯಸ್ ಪಕ್ಷ. 1778ರಲ್ಲಿ ಅವನು ಶುರುಮಾಡಿದ ಪತ್ರಿಕೆಗೆ ಆರ್ಮಿನಿಯನ್ ಮ್ಯಾಗಜಿನ್ ಅಂತಲೇ ಹೆಸರಿಟ್ಟ. 1739ರಲ್ಲಿ ಕೃಪೆ ಎಲ್ಲರಿಗೂ ಬಿಟ್ಟಿ ಅಂತ ಬೋಧಿಸಿ, ಕ್ಯಾಲ್ವಿನ್ ಪಕ್ಷದ ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಜೊತೆ ಮನಸ್ತಾಪ ಮಾಡಿಕೊಂಡ. ಸತ್ತವನು ಕೈ ಒಡ್ಡಲಾರ ಅನ್ನುವುದನ್ನು ವೆಸ್ಲಿ ಒಪ್ಪುತ್ತಿದ್ದ. ಆದರೆ ಆ ಕೈಗೆ ಒಂದಿಷ್ಟು ಜೀವ ತುಂಬುವ ಕೃಪೆಯನ್ನು ದೇವರು ಪ್ರತಿಯೊಬ್ಬರಿಗೂ ಮೊದಲೇ ಕೊಟ್ಟಿದ್ದಾನೆ, ಆಮೇಲೆ ಒಡ್ಡುವುದು ಬಿಡುವುದು ನಿನ್ನದು ಅಂತ ಹೇಳಿದ. ವಾದವಾಗಿ ಇದು ಬಿಗಿಯಾಗಿಲ್ಲ. ಒಬ್ಬ ಒಡ್ಡಿದ, ಇನ್ನೊಬ್ಬ ಒಡ್ಡಲಿಲ್ಲ, ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೇಳಿದರೆ ಮತ್ತೆ ಅದೇ ಜಗುಲಿಗೆ ಬಂದು ಕೂರಬೇಕು. ಆದರೂ ಪ್ರಾರ್ಥನೆ ಮಾಡುವವರಿಗೆ ಇದು ಒಪ್ಪುವ ಮಾತು.

ಮೇಲುಕೋಟೆಯ ವಿಷಯ ಎತ್ತದೆ ಮಂಡ್ಯದವರಿಗೆ ಇದನ್ನು ಹೇಳಿ ಮುಗಿಸಲಾಗದು. ಅದು ಶ್ರೀವೈಷ್ಣವರ ಕ್ಷೇತ್ರ. ಅವರಲ್ಲಿ ತೆಂಗಲೆ, ವಡಗಲೆ ಅಂತ ಎರಡು ಪಂಗಡ. ತೆಂಗಲೆಯವರು ಬೆಕ್ಕಿನ ಮರಿಯ ಉದಾಹರಣೆ ಕೊಡುತ್ತಾರೆ. ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ, ಮರಿಯ ಪಾತ್ರ ಏನೂ ಇಲ್ಲ. ವಡಗಲೆಯವರು ಕೋತಿಮರಿಯನ್ನು ತೋರಿಸುತ್ತಾರೆ. ಹೊತ್ತೊಯ್ಯುವುದು ತಾಯಿಯೇ, ಆದರೆ ಮರಿ ಅದರ ಹೊಟ್ಟೆಯನ್ನು ಅವುಚಿ ಹಿಡಿಯಬೇಕು. ಮೈಸೂರಿನ ಪರಕಾಲ ಮಠ ವಡಗಲೆ. ಕೋತಿಯನ್ನು ನೋಡಬೇಕಾದರೆ ಯೋಗನರಸಿಂಹನ ಬೆಟ್ಟದ ಮೆಟ್ಟಿಲು ಹತ್ತಿದರೆ ಸಾಕು, ಕೈಯಲ್ಲಿರುವ ಬಾಳೆಹಣ್ಣು ಮಾತ್ರ ಜೋಪಾನ.

ಕ್ಯಾಲ್ವಿನ್ ಬೆಕ್ಕು, ವೆಸ್ಲಿ ಕೋತಿ ಅಂತ ಹೇಳಿ ಮುಗಿಸುವವರು ಬಹಳ. ಅರ್ಧ ಸರಿ. ಬೆಕ್ಕು ತನ್ನ ಮರಿಗಳನ್ನೆಲ್ಲ ಎತ್ತುತ್ತದೆ. ಕ್ಯಾಲ್ವಿನ್ ಹೇಳುವುದರಲ್ಲಿ ಕೆಲವು ಮರಿ ಅಲ್ಲೇ ಉಳಿಯುತ್ತವೆ. ಆ ಉಳಿದವುಗಳ ಪ್ರಶ್ನೆಗೆ ಬೆಕ್ಕಿನ ಕಥೆಯಲ್ಲಿ ಜಾಗವೇ ಇಲ್ಲ. ಅದಕ್ಕೆ ಮಧ್ವಾಚಾರ್ಯರ ಹತ್ತಿರ ಹೋಗಬೇಕು. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಮೂರು ಬಗೆ ಇದೆ ಅಂದವರು ಅವರು. ಅಲ್ಲೂ ಒಂದು ವ್ಯತ್ಯಾಸ ಇದೆ. ಮಧ್ವರಲ್ಲಿ ಜೀವದ ಸ್ವಭಾವವೇ ಬೇರೆ ಬೇರೆ, ಅಂದರೆ ನಮ್ಮಜ್ಜಿಯ ಅಕ್ಕಿ ಮತ್ತು ಕಲ್ಲು. ಕ್ಯಾಲ್ವಿನ್‌ನಲ್ಲಿ ಎಲ್ಲರೂ ಒಂದೇ ಮಣ್ಣು.

20ನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಮಾತನ್ನೇ ತಿರುಗಿಸಿದ. ಆರಿಸಲ್ಪಟ್ಟವನು ಯಾರು ಅಂದರೆ ಕ್ರಿಸ್ತನೇ, ತಿರಸ್ಕಾರ ಹೊತ್ತವನೂ ಅವನೇ, ಉಳಿದವರ ಆಯ್ಕೆ ಅವನೊಳಗೆ ಅಂದ. ಇದನ್ನು ಒಪ್ಪಿದವರೂ ಇದ್ದಾರೆ, ಜಾರಿಕೊಂಡ ಅಂದವರೂ ಇದ್ದಾರೆ.

1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದಾಗ ವೆಸ್ಲಿಯ ಮೆಥಡಿಸ್ಟರೂ ಕ್ಯಾಲ್ವಿನ್ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ಆಂಗ್ಲಿಕನ್ನರ ಜೊತೆ ಒಂದಾದರು. ಎಲ್ಲರೂ ಒಪ್ಪಿಕೊಂಡ ಎರಡು ಹಳೇ ವಿಶ್ವಾಸ ಪ್ರಮಾಣಗಳಲ್ಲಿ ಈ ಪದದ ಸುದ್ದಿಯೇ ಇಲ್ಲ. ಹಾಗಾಗಿ ಪ್ರಶ್ನೆ ಬಗೆಹರಿಯದೆ ಹಾಗೇ ಒಂದೇ ಬೆಂಚಿನ ಮೇಲೆ ಬಂದು ಕೂತಿದೆ. ಭಾನುವಾರ ಚರ್ಚಿನಲ್ಲಿ ಯಾರಾದರೂ ತಮ್ಮ ವಿಶ್ವಾಸದ ಸಾಕ್ಷಿ ಹೇಳಲು ಎದ್ದರೆ ಕೇಳಿ ನೋಡಿ. ನಮ್ಮಜ್ಜಿಯೂ ಹಾಗೇ ಹೇಳುತ್ತಿದ್ದರು. ಮೊದಲು ‘ನಾನು ಯೇಸುಸ್ವಾಮಿನ ಒಪ್ಕೊಂಡೆ’, ಉಸಿರು ಎಳೆದುಕೊಂಡು ‘ಅವ್ರೇ ನನ್ನ ಆದ್ಕೊಂಡ್ರು’. ಎರಡರಲ್ಲಿ ಯಾವುದು ಮೊದಲು ಅಂತ ಒಮ್ಮೆ ಕೇಳಿದ್ದೆ. ‘ಮೊದ್ಲು ಈ ಕಲ್ಲು ನೋಡು, ನಿನ್ ಕಣ್ಣಿಗೆ ಕಾಣ್ತದೆ’ ಅಂತ ಮೊರ ನನ್ನ ಕಡೆ ತಳ್ಳಿದರು.