ಲಾಫ್ಟ್: ಅಟ್ಟದಿಂದ ಕಂಪ್ಯೂಟರಿಗೆ ಬಂದ ಪದ

ಹಾಸನದಲ್ಲಿ ಯಾರನ್ನಾದರೂ ‘ಲಾಫ್ಟ್ ಎಲ್ಲಿದೆ?’ ಅಂತ ಕೇಳಿ, ಅಡುಗೆಮನೆ ಬಾಗಿಲ ಮೇಲಿನ ಸಿಮೆಂಟ್ ಹಲಗೆ ತೋರಿಸುತ್ತಾರೆ. ಹಬ್ಬದ ಪಾತ್ರೆ, ಹಳೇ ಮಿಕ್ಸಿಯ ಡಬ್ಬ ತುಂಬಿಡುವ ಜಾಗ. ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ವಸ್ತುಗಳ ನಕ್ಷೆ, ಮಾದರಿ ಮಾಡುವ ಸಾಫ್ಟ್‌ವೇರ್, ಕಲಿಯುವ ಹುಡುಗರಿಗೆ ಮಾತ್ರ ಅದು ಒಂದು ಕಮಾಂಡ್. ಫ್ರೀಕ್ಯಾಡ್, ರೈನೋ ಯಾವುದರಲ್ಲಿ ಹುಡುಕಿದರೂ ಸಿಗುತ್ತದೆ. ತಮಾಷೆ ಏನೆಂದರೆ, ಎರಡೂ ಒಂದೇ ಪದ.

ಹಡಗು ಕಟ್ಟುವ ಅಂಗಳಗಳಲ್ಲಿ ಮೇಲ್ಮಹಡಿಯ ದೊಡ್ಡ ಹಾಲ್ ಒಂದಿರುತ್ತಿತ್ತು. ನಮ್ಮ ಸಕಲೇಶಪುರದ ಕಡೆಯ ಮನೆಗಳ ಅಟ್ಟದ ಹಾಗೆ, ಆದರೆ ತುಂಬಾ ಉದ್ದ. ಅದರ ನೆಲದ ಮೇಲೆ ಹಡಗಿನ ಒಡಲನ್ನು ನಿಜವಾದ ಅಳತೆಯಲ್ಲೇ ಗೀಚುತ್ತಿದ್ದರು. ಕಾಗದ ಇರುವಾಗ ನೆಲ ಯಾಕೆ? ಲೆಕ್ಕ ಹಾಕಿ. 50ಕ್ಕೆ 1ರ ಅಳತೆಯ ನಕ್ಷೆಯಲ್ಲಿ ಪೆನ್ಸಿಲ್ ಅರ್ಧ ಮಿಲಿಮೀಟರ್ ಜಾರಿದರೆ ಹಡಗಿನಲ್ಲಿ ಅದು 25 ಮಿಲಿಮೀಟರ್. ಹಲಗೆ ಕೂರುವುದಿಲ್ಲ. ಅಟ್ಟದಲ್ಲಿ ನಡೆಯುವ ಈ ಗೀಚುವ ಕೆಲಸಕ್ಕೇ ಲಾಫ್ಟಿಂಗ್ ಅನ್ನುವ ಹೆಸರು ಬಂತು.

ಗೀಚುವ ಬಗೆ ಗೊತ್ತಾದರೆ ಕಮಾಂಡ್ ತಾನಾಗೇ ಅರ್ಥವಾಗುತ್ತದೆ. ಒಡಲನ್ನು ಬ್ರೆಡ್ ಕೊಯ್ದ ಹಾಗೆ ಅಡ್ಡಡ್ಡ ಕೊಯ್ದಂತೆ ಊಹಿಸಿಕೊಳ್ಳಿ. ಒಂದೊಂದು ಅಡ್ಡಕೊಯ್ತಕ್ಕೂ ಸ್ಟೇಷನ್ ಅಂತ ಹೆಸರು. ಪ್ರತಿ ಸ್ಟೇಷನ್ನಿನ ಅಗಲವನ್ನು ನೆಲದ ಮೇಲೆ ಗುರುತು ಮಾಡಿ, ಆ ಗುರುತುಗಳನ್ನು ಮುಟ್ಟುವ ಹಾಗೆ ತೆಳ್ಳನೆ ಮರದ ಪಟ್ಟಿ ಬಗ್ಗಿಸಿ, ಅದರ ಪಕ್ಕದಲ್ಲಿ ಗೆರೆ ಎಳೆಯುತ್ತಿದ್ದರು. ಮನೆಯಲ್ಲೇ ಮಾಡಿ ನೋಡಬಹುದು. ತೆಳುವಾಗಿ ಸೀಳಿದ ಒಂದು ಅಡಿಕೆ ದಬ್ಬೆ, ಹಲಗೆಯೊಂದಕ್ಕೆ ಬಡಿದ ಐದಾರು ಮೊಳೆ ಸಾಕು. ಮೊಳೆಗಳು ಸರಿಯಾಗಿದ್ದರೆ ದಬ್ಬೆ ಮೆತ್ತಗೆ ಬಾಗಿ ನಿಲ್ಲುತ್ತದೆ. ಒಂದೇ ಒಂದು ಮೊಳೆ ಹೊರಗೆ ಬಂದಿದ್ದರೂ ಅಲ್ಲಿ ಉಬ್ಬು ಕಾಣುತ್ತದೆ. ಆಚಾರಿ ಹಲಗೆಯ ತುದಿಗೆ ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಹಾಗೆ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಉಬ್ಬು ತಗ್ಗು ತೆಗೆದು ಗೆರೆಯನ್ನು ಹದಕ್ಕೆ ತರುವುದಕ್ಕೆ ಫೇರಿಂಗ್ ಅನ್ನುತ್ತಾರೆ. ಆ ಮರದ ಪಟ್ಟಿಯೇ ಸ್ಪ್ಲೈನ್. ಗಣಿತದ ವಕ್ರರೇಖೆಗೆ 1946ರಲ್ಲಿ ಈ ಹೆಸರು ಕೊಟ್ಟವರು ಗಣಿತಜ್ಞ ಶೋನ್‌ಬರ್ಗ್. ಕ್ಯಾಡ್‌ನಲ್ಲಿ ನಾವು ಎಳೆಯುವ ಸ್ಪ್ಲೈನ್ ಆ ದಬ್ಬೆಯ ವಂಶದ್ದೇ.

ಹಾಗಾಗಿ ಲಾಫ್ಟ್ ಕಮಾಂಡ್ ಅಂದರೆ: ಸಾಲಾಗಿ ನಿಲ್ಲಿಸಿದ ಅಡ್ಡಕೊಯ್ತಗಳ ಮೇಲೆ ಕಂಪ್ಯೂಟರ್ ಒಂದು ಮೈ ಹೊದಿಸುವುದು. ಅಷ್ಟೇ.

ಅಷ್ಟೇ ಅಂದರೂ ಎಡವುವುದು ಇಲ್ಲೇ. ನನ್ನ ಅಕ್ಕನ ಮಗ ಶೆಟ್ಟಿಹಳ್ಳಿ ಚರ್ಚ್ ಹತ್ತಿರದ ಹಿನ್ನೀರು ನೋಡಿಬಂದ ಹುರುಪಿನಲ್ಲಿ 4 ಮೀಟರಿನ ದೋಣಿ ಮಾಡಲು ಕೂತ. ಒಂಬತ್ತು ಸ್ಟೇಷನ್ ಬರೆದ. ಲಾಫ್ಟ್ ಒತ್ತಿದರೆ ದೋಣಿ ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡಿತು. ‘ಮಾವ, ಸಾಫ್ಟ್‌ವೇರೇ ಸರಿಯಿಲ್ಲ’ ಅಂದ. ನೋಡಿದರೆ, ಎಂಟು ಗೆರೆಗಳನ್ನು ತಳದಿಂದ ಶುರು ಮಾಡಿ ಅಂಚಿಗೆ ಒಯ್ದಿದ್ದಾನೆ, ಒಂದನ್ನು ಅಂಚಿನಿಂದ ತಳಕ್ಕೆ. ಅವನ ಪ್ರೋಗ್ರಾಂ ಮೊದಲ ಬಿಂದುವನ್ನು ಮೊದಲ ಬಿಂದುವಿಗೇ ಸೇರಿಸುತ್ತಿತ್ತು. ಅದರ ತಪ್ಪೇನಿಲ್ಲ, ಅಲ್ವಾ? ಗೆರೆ ತಿರುಗಿಸಿದ ಮೇಲೆ ತಿರುಚು ಹೋಯಿತು. ಆದರೂ ಮೈ ಕೈಯಲ್ಲಿ ತಟ್ಟಿದ ತಗಡಿನ ಹಾಗೆ ಅಲ್ಲಲ್ಲಿ ಉಬ್ಬಿತ್ತು.

ಜಾಸ್ತಿ ಸ್ಟೇಷನ್ ಕೊಟ್ಟರೆ ಮೈ ಜಾಸ್ತಿ ನಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಕಂಡಿದ್ದು ಉಲ್ಟಾ. ಪ್ರತಿ ಸ್ಟೇಷನ್ನೂ ಒಂದು ಮೊಳೆ. ಮೊಳೆ ಹೆಚ್ಚಿದಷ್ಟೂ ದಬ್ಬೆಗೆ ತಾನಾಗಿ ಬಾಗುವ ಜಾಗ ಕಡಿಮೆ, ನಮ್ಮ ಕೈತಪ್ಪು ಎದ್ದು ಕಾಣುತ್ತದೆ. ನಾಲ್ಕನ್ನು ಅಳಿಸಿ ಐದೇ ಉಳಿಸಿದ. ಒಡಲು ಸುಮ್ನೆ ಹದಕ್ಕೆ ಬಂತು. ಮೂತಿ ಮಾತ್ರ ಇನ್ನೂ ತಕರಾರು. ಅಲ್ಲಿ ಕೊಯ್ತ ಸಣ್ಣಗಾಗುತ್ತಾ ಒಂದು ಗೆರೆಯಾಗಿ ಮುಚ್ಚಿಕೊಳ್ಳಬೇಕು, ಲಾಫ್ಟ್ ಅಲ್ಲಿ ಸುಕ್ಕುಗಟ್ಟುತ್ತದೆ. ಮೂತಿಯನ್ನು ಬೇರೆ ತುಂಡಾಗಿ ಮಾಡಿ ಆಮೇಲೆ ಸೇರಿಸುವುದೇ ವಾಸಿ.

ಇಷ್ಟೆಲ್ಲ ರಗಳೆ ಉದ್ದನೆ ದೋಣಿಗೆ ಮಾತ್ರ. ನಮ್ಮ ಹರಿಗೋಲು ಮಾಡುವುದಾದರೆ ಲಾಫ್ಟ್ ಬೇಕಾಗಿಯೇ ಇಲ್ಲ. ಬುಟ್ಟಿಯ ಅರ್ಧ ಬಾಗು ಬರೆದು, ನಡುವಿನ ಅಚ್ಚಿನ ಸುತ್ತ ಒಂದು ಸುತ್ತು ತಿರುಗಿಸಿದರೆ ಮುಗಿಯಿತು.