ತೊಗಲಿನ ಅಟ್ಟೆ, ರಬ್ಬರ್ ತಳ: ನಡುವಿನ ಅಂಟಿನ ಬಗ್ಗೆ ನನ್ನ ಟಿಪ್ಪಣಿ

ಹೋದ ವರ್ಷ ಜೂನ್‌ನಲ್ಲಿ, ನಾನೇ ಮಾಡಿದ ಮೊದಲ ಜೋಡಿ ಶೂ ಹಾಕಿಕೊಂಡು ಮುಂಬಯಿಯ ಕುರ್ಲಾ ಸ್ಟೇಷನ್ನಿನಿಂದ ಹೊರಗೆ ಬಂದೆ. ಮಳೆ ಹೊಡೀತಾ ಇತ್ತು. ಚೆಂಬೂರಿನ ಮನೆ ಮುಟ್ಟುವಷ್ಟರಲ್ಲಿ ಬಲಗಾಲಿನ ರಬ್ಬರ್ ತಳ ಬೆರಳಿನ ಕಡೆಯಿಂದ ಬಾಯಿ ಬಿಟ್ಟಿತ್ತು. ಮುಂದಿನ ಭಾನುವಾರ ಅದನ್ನು ಠಕ್ಕರ್ ಬಾಪಾ ಕಾಲೊನಿಗೆ ತೆಗೆದುಕೊಂಡು ಹೋದೆ. ಅಲ್ಲಿ ನಮಗೆ ಕೆಲಸ ಕಲಿಸುವ ಕಾಕಾ ಅಥಣಿ ಕಡೆಯವರು. ಅವರು ಬಿಟ್ಟ ಬಾಯಿಯನ್ನು ಇನ್ನಷ್ಟು ಅಗಲಿಸಿ, ಬೆಳಕಿಗೆ ಹಿಡಿದು ನೋಡಿದರು.

"ತೊಗಲಿಂದೇನೂ ತಪ್ಪಿಲ್ಲ ತಮ್ಮಾ, ರಬ್ಬರಿಂದೂ ತಪ್ಪಿಲ್ಲ. ಎರಡರ ನಡುವ ಏನೈತಿ ಅದನ್ನ ನೋಡು" ಅಂದರು.

ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಆ "ನಡುವ" ಅನ್ನೋದಕ್ಕೇ ಜಾಸ್ತಿ ಪುಟ ಹೋಗಿದೆ. ನನ್ನ ಜೊತೆ ಕಲಿಯುವವರಿಗೂ, ಹೊಸದಾಗಿ ಸೇರುವವರಿಗೂ ಉಪಯೋಗವಾಗಲಿ ಅಂತ ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎರಡರ ಸ್ವಭಾವ

ಅಟ್ಟೆಗೆ, ಅಂದರೆ ಪಾದದ ಕೆಳಗೆ ಬರುವ ದಪ್ಪ ತೊಗಲಿನ ಪದರಕ್ಕೆ, ಹಾಕುವ ತೊಗಲು ಹೆಚ್ಚಾಗಿ ಎಮ್ಮೆ, ಕೋಣ, ದನದ್ದು. ತೊಗಟೆ ಮತ್ತು ಕಾಯಿಗಳ ಒಗರಿನಲ್ಲಿ ಹದ ಮಾಡಿದ್ದು. ಅಥಣಿ, ನಿಪ್ಪಾಣಿ, ಕೊಲ್ಹಾಪುರದ ಕಡೆ ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಒಂದೇ ತೊಗಲಿನಲ್ಲೂ ಬೆನ್ನಿನ ಭಾಗದ ಎಳೆ ಒತ್ತಾಗಿರುತ್ತದೆ, ಹೊಟ್ಟೆಯ ಭಾಗ ಸಡಿಲ. ಎರಡರಿಂದಲೂ ಒಂದೊಂದು ತುಂಡು ತೆಗೆದುಕೊಂಡು ಬೆರಳಲ್ಲಿ ಬಗ್ಗಿಸಿ ನೋಡಿ. ಹೊಟ್ಟೆಯದು ಮಡಿಕೆ ಬೀಳುತ್ತದೆ, ಬೆನ್ನಿನದು ತಿರುಗಿ ನಿಲ್ಲುತ್ತದೆ. ಅಟ್ಟೆ ಬೆನ್ನಿನದೇ ಆಗಬೇಕು.

ತೊಗಲು ನೀರು ಕುಡಿಯುತ್ತದೆ. ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಪಾದದ ಬೆವರನ್ನೂ ಹೀಗೇ ಎಳೆದುಕೊಂಡು, ಶೂ ಬಿಚ್ಚಿಟ್ಟ ಮೇಲೆ ನಿಧಾನವಾಗಿ ಹೊರಗೆ ಬಿಡುತ್ತದೆ. ಕೆಲವು ತಿಂಗಳು ತೊಟ್ಟರೆ ನಮ್ಮ ಪಾದದ ಗುರುತು ಅದರಲ್ಲಿ ಕೂರುತ್ತದೆ. ಪಾದಕ್ಕೆ ಇದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಆದರೆ ಒದ್ದೆಯಾದ ತೊಗಲು ಬೇಗ ಸವೆಯುತ್ತದೆ, ಸ್ಟೇಷನ್ನಿನ ನುಣುಪು ಕಲ್ಲಿನ ಮೇಲೆ ಜಾರುತ್ತದೆ. ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಂಥ ಊರಿನಲ್ಲಿ ಬರೀ ತೊಗಲಿನ ತಳ ನಡೆಯಲ್ಲ.

ರಬ್ಬರ್ ನೀರು ಕುಡಿಯುವುದಿಲ್ಲ, ಉಬ್ಬುವುದಿಲ್ಲ, ನೆಲ ಹಿಡಿಯುತ್ತದೆ. ಆದರೆ ಬೆವರಿಗೆ ದಾರಿ ಕೊಡುವುದಿಲ್ಲ. ಹಾಗಾಗಿ ಪಾದದ ಕಡೆ ತೊಗಲು, ನೆಲದ ಕಡೆ ರಬ್ಬರ್. ಇಷ್ಟು ಹೇಳೋದು ಸುಲಭ. ಒಂದು ಉಬ್ಬಿ ಕುಗ್ಗುವ ವಸ್ತು, ಇನ್ನೊಂದು ಅಲುಗದ ವಸ್ತು. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ, ದಿನಕ್ಕೆ ಸಾವಿರಾರು ಸಲ ಬಗ್ಗಿಸುತ್ತೇವೆ. ಜಗಳ ಅಲ್ಲಿ ಶುರು.

ಸ್ವಲ್ಪ ಹಿನ್ನೆಲೆ

ಹಸಿ ರಬ್ಬರ್ ಬಿಸಿಲಿಗೆ ಅಂಟಂಟು, ಚಳಿಗೆ ಬಿರುಸು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1844ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಗುಡ್‌ಇಯರ್ ವೆಲ್ಟ್ ಅಂದ ಕೂಡಲೇ ರಬ್ಬರ್ ಶೂ ಅಂತ ನಮ್ಮಲ್ಲಿ ತುಂಬಾ ಜನ ತಿಳಿಯುತ್ತಾರೆ, ನಾನೂ ಹಾಗೇ ತಿಳಿದಿದ್ದೆ. ಅದು ಹೊಲಿಗೆಯ ಹೆಸರು. ವೆಲ್ಟ್ ಅಂದರೆ ಶೂವಿನ ಅಂಚಿನ ಸುತ್ತ ಹೊಲಿಯುವ ಪಟ್ಟಿ, ತಳವನ್ನು ಅದಕ್ಕೆ ಹೊಲಿಯುತ್ತಾರೆ. 1870ರ ದಶಕದಲ್ಲಿ ಅವನ ಮಗ, ಅದೇ ಹೆಸರಿನವನು, ಆ ಯಂತ್ರವನ್ನು ಚಾಲ್ತಿಗೆ ತಂದ. ಆ ಹೊಲಿಗೆಯಲ್ಲಿ ತಳ ತೊಗಲಿನದೂ ಇರಬಹುದು, ರಬ್ಬರಿನದೂ ಇರಬಹುದು.

ರಬ್ಬರ್ ಮೊದಲು ಹಿಮ್ಮಡಿಗೆ ಬಂತು. ಹಂಫ್ರಿ ಓಸಲಿವನ್ ಅನ್ನುವವನಿಗೆ 1899ರಲ್ಲಿ ರಬ್ಬರ್ ಹಿಮ್ಮಡಿಯ ಪೇಟೆಂಟ್ ಸಿಕ್ಕಿತು. ಪೂರ್ತಿ ರಬ್ಬರ್ ತಳದ ಕಥೆ ಬೆಟ್ಟದ್ದು. 1935ರಲ್ಲಿ ಆಲ್ಪ್ಸ್ ಹತ್ತುವಾಗ ಇಟಲಿಯ ಪರ್ವತಾರೋಹಿ ವಿತಾಲೆ ಬ್ರಮಾನಿಯ ಆರು ಜನ ಜೊತೆಗಾರರು ಸತ್ತರು. ಅವರ ಬೂಟುಗಳು ಆ ಹವೆಗೆ ತಕ್ಕುದಾಗಿರಲಿಲ್ಲ. ಅವನು ಆಳ ಹಲ್ಲುಗಳ ರಬ್ಬರ್ ತಳ ರೂಪಿಸಿ 1937ರಲ್ಲಿ ಹೊರತಂದ. ತನ್ನ ಹೆಸರಿನ ಎರಡು ತುಂಡು ಸೇರಿಸಿ ವಿಬ್ರಂ ಅಂತ ಹೆಸರಿಟ್ಟ.

ಎಲ್ಲಿ ಎಷ್ಟು ರಬ್ಬರ್

ಕಡಿಮೆ ಅಂದರೆ ಹಿಮ್ಮಡಿಯ ಕೆಳಗಿನ ಒಂದು ಪದರ. ಮೇಲೆಲ್ಲ ತೊಗಲಿನ ಬಿಲ್ಲೆಗಳು, ನೆಲ ಮುಟ್ಟುವುದು ಮಾತ್ರ ರಬ್ಬರ್. ನಮ್ಮಲ್ಲಿ ಹೆಚ್ಚು ಜನ ಹಿಮ್ಮಡಿಯ ಹೊರಗಿನ ಹಿಂಬದಿ ಮೂಲೆಯನ್ನು ಮೊದಲು ಊರುತ್ತಾರೆ. ನಿಮ್ಮ ಹಳೇ ಚಪ್ಪಲಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ಅದಕ್ಕೇ ಕೆಲವರು ಆ ಮೂಲೆಗಷ್ಟೇ ರಬ್ಬರ್ ಕೂರಿಸಿ, ಉಳಿದದ್ದು ತೊಗಲೇ ಬಿಡುತ್ತಾರೆ.

ಎರಡನೆಯದು ಅರ್ಧ ತಳ. ಸುಮಾರು 5 ಮಿ.ಮೀ. ತೊಗಲಿನ ಅಟ್ಟೆಯ ಮುಂಭಾಗಕ್ಕೆ 1ರಿಂದ 2 ಮಿ.ಮೀ. ರಬ್ಬರ್ ಹಾಳೆ ಅಂಟಿಸುವುದು. (ಹಳೇ ಇಂಗ್ಲಿಷ್ ಅಳತೆಯಲ್ಲಿ ಅಟ್ಟೆಯ ದಪ್ಪವನ್ನು ಐರನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಐರನ್ ಅಂದರೆ ಇಂಚಿನ 48ನೇ ಒಂದು ಭಾಗ. 9 ಐರನ್ ಅಟ್ಟೆ ಅಂದರೆ ಸುಮಾರು 4.8 ಮಿ.ಮೀ.) ಅಟ್ಟೆಯ ಹೊಲಿಗೆಯೂ ಈ ಹಾಳೆಯ ಅಡಿ ಮುಚ್ಚಿಹೋಗುವುದರಿಂದ ದಾರ ನೆಲಕ್ಕೆ ತಿಕ್ಕುವುದಿಲ್ಲ. ಮುಂಬಯಿಗೆ ಇದೇ ಸರಿ ಅಂತ ನನ್ನ ಅಭಿಪ್ರಾಯ. ಸವೆದಾಗ ಹಾಳೆ ಕಿತ್ತು ಹೊಸದು ಹಾಕಬಹುದು, ಅಟ್ಟೆ ಹಾಗೇ ಉಳಿಯುತ್ತದೆ.

ಆದರೆ ಹಾಳೆಯ ಹಿಂದಿನ ಅಂಚು ಎಲ್ಲಿ ಮುಗಿಯುತ್ತದೆ ಅನ್ನೋದನ್ನು ಗಮನಿಸಿ. ಪಾದ ಬಗ್ಗುವ ಗೆರೆಯ ಮೇಲೆ ಆ ಅಂಚು ಬಂದರೆ ಪ್ರತಿ ಹೆಜ್ಜೆಗೂ ಅದು ಎದ್ದು ಬರುತ್ತದೆ. ಅದಕ್ಕಿಂತ ಹಿಂದೆ, ಪಾದದ ಸೊಂಟದ (ತಳದ ನಡುವಿನ ಸಣ್ಣ ಭಾಗದ) ಕಡೆ ಹೋಗಿ ಮುಗಿಯಬೇಕು. ಅಂಚನ್ನು ರಂಪಿಗೆಯಿಂದ (ತೊಗಲು ಕೊಯ್ಯುವ ಉಳಿಯಿಂದ) ಓರೆಯಾಗಿ ಹೆರೆದು ಕಾಗದದಷ್ಟು ತೆಳು ಮಾಡಬೇಕು. ಉಗುರು ಓಡಿಸಿದರೆ ಎಲ್ಲೂ ತಡೆಯಬಾರದು.

ಮೂರನೆಯದು ಪೂರ್ತಿ ರಬ್ಬರ್ ತಳ. ಇಲ್ಲಿ ರಬ್ಬರಿಗೂ ವೆಲ್ಟಿಗೂ ನಡುವೆ ತೊಗಲಿನ ಒಂದು ಪದರ ಹಾಕುವುದನ್ನು ನೋಡಿರುತ್ತೀರಿ. ಅದು ಬರೀ ಚಂದಕ್ಕಲ್ಲ. ಮೆತ್ತನೆ ರಬ್ಬರಿಗೆ ನೇರವಾಗಿ ಹೊಲಿದರೆ, ಬಿಗಿದ ದಾರ ಅದನ್ನು ನಿಧಾನವಾಗಿ ಕೊಯ್ಯುತ್ತದೆ. ತೊಗಲಿನ ಎಳೆ ದಾರವನ್ನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಹೊಲಿಗೆ ತೊಗಲಿಗೆ, ರಬ್ಬರ್ ಆ ತೊಗಲಿಗೆ ಅಂಟು. ನಾವು ಇಂಚಿಗೆ 6ರಿಂದ 8 ಹೊಲಿಗೆ ಹಾಕುತ್ತೇವೆ. ಇನ್ನೂ ಒತ್ತಾಗಿ ಹಾಕಿದರೆ ಬಿಗಿ ಜಾಸ್ತಿ ಅನ್ನಿಸುತ್ತದೆ, ಆದರೆ ತೂತುಗಳ ಸಾಲಿನಲ್ಲಿ ತೊಗಲು ಅಂಚೆಚೀಟಿಯ ಅಂಚಿನಂತೆ ಹರಿಯುತ್ತದೆ.

ಕೊಲ್ಹಾಪುರಿಗೆ ರಬ್ಬರ್ ಹಾಕಬಹುದಾ ಅಂತ ಕ್ಲಾಸಿನಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಅದರಲ್ಲಿವೆ. ಮೂಲ ಕೆಲಸದಲ್ಲಿ ಮೊಳೆ ಇಲ್ಲ, ತೊಗಲಿನ ದಾರದಲ್ಲೇ ಹೊಲಿಗೆ. ದಿನಾ ತೊಡುವವರು ಅಡಿಗೆ ತೆಳು ರಬ್ಬರ್ ಹಾಕಿಸಿಕೊಂಡರೆ ಆ ಹೊಲಿಗೆ ಉಳಿಯುತ್ತದೆ. ಆದರೆ ಮಳೆಗಾಲಕ್ಕೆ ಅದು ಚಪ್ಪಲಿಯೇ ಅಲ್ಲ. ಮೇಲಿನಿಂದ ಬಂದ ನೀರು ಕೆಳಗೆ ಹೋಗದೆ ರಬ್ಬರಿನ ಮೇಲೆ ನಿಂತು ತೊಗಲನ್ನು ಕೊಳೆಸುತ್ತದೆ.

ಅಂಟಿಸುವುದು

ನಾನು ತಪ್ಪು ಮಾಡಿದ್ದು ಇಲ್ಲಿ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೊದಲು ರಬ್ಬರ್ ಯಾವುದು ಅಂತ ಗೊತ್ತಿರಬೇಕು. ಕಾದ ಸೂಜಿಯನ್ನು ಕಾಣದ ಜಾಗದಲ್ಲಿ ಒತ್ತಿ ನೋಡಿ. ಗಂಧಕದಲ್ಲಿ ಬೇಯಿಸಿದ ರಬ್ಬರ್ ಕರಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಟಿಪಿಆರ್, ಪಿವಿಸಿ ಅನ್ನುವ, ರಬ್ಬರಿನಂತೆ ಕಾಣುವ ಪ್ಲಾಸ್ಟಿಕ್ ಜಾತಿಯ ತಳಗಳು ಕರಗುತ್ತವೆ. ಬೇಯಿಸಿದ ರಬ್ಬರಿಗೆ ನಾವು ಬಳಸುವ ಹಳದಿ ಸೊಲ್ಯೂಷನ್, ಅಂದರೆ ನಿಯೋಪ್ರೀನ್ ಅಂಟು, ಚೆನ್ನಾಗಿ ಹಿಡಿಯುತ್ತದೆ. ಟಿಪಿಆರ್‌ಗೆ ಮೊದಲು ಪ್ರೈಮರ್ (ಅಂಟು ಹಿಡಿಯಲಿ ಅಂತ ಮೊದಲೇ ಹಚ್ಚುವ ದ್ರವ) ಬೇಕು. ಪಿವಿಸಿಯನ್ನು ಮೆದುವಾಗಿಡುವ ಎಣ್ಣೆ ಈ ಹಳದಿ ಅಂಟನ್ನು ಕೆಡಿಸುತ್ತದೆ, ಅದಕ್ಕೆ ಪಿಯು (ಪಾಲಿಯುರೆಥೇನ್) ಅಂಟೇ ಆಗಬೇಕು. ಸೈಕಲ್ ಪಂಕ್ಚರ್ ಸೊಲ್ಯೂಷನ್ ಇದ್ಯಾವುದಕ್ಕೂ ಅಲ್ಲ.

ಆಮೇಲೆ ಉಜ್ಜುವುದು. ತೊಗಲಿನ ಮೇಲ್ಮೈ ನುಣುಪಾದ ಒಂದು ತೆಳು ಪದರ. ಅದರ ಮೇಲೇ ಅಂಟು ಹಚ್ಚಿದರೆ ಅಂಟು ಗಟ್ಟಿಯಾಗೇ ಹಿಡಿಯುತ್ತದೆ, ಆದರೆ ಆ ಪದರವೇ ಕಿತ್ತು ಬರುತ್ತದೆ. ಒಳಗಿನ ಎಳೆಗಳು ಎದ್ದು, ಕೈಗೆ ಸಣ್ಣ ತುಪ್ಪಳ ತಾಗುವವರೆಗೆ ಸ್ಯಾಂಡ್‌ಪೇಪರಿನಲ್ಲಿ ಉಜ್ಜಬೇಕು. ಹೊಲಿಗೆ ಇದ್ದ ಕಡೆ ಮಾತ್ರ ದಾರ ಕಡಿಯದಂತೆ ಹುಷಾರು. ರಬ್ಬರಿನ ಬದಿಯೂ ಅಷ್ಟೇ. ಅಚ್ಚಿಗೆ ಅಂಟದಿರಲಿ ಅಂತ ಕಾರ್ಖಾನೆಯಲ್ಲಿ ಹಾಕಿದ ಜಿಡ್ಡು ಅದರ ಮೇಲಿರುತ್ತದೆ. ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಪುಡಿ ಝಾಡಿಸಬೇಕು.

ಸೊಲ್ಯೂಷನ್ ಎರಡೂ ಕಡೆ ಹಚ್ಚಬೇಕು. ತೊಗಲು ಮೊದಲ ಸಲದ್ದನ್ನು ಕುಡಿದುಬಿಡುತ್ತದೆ. ಅದು ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ. ಆಮೇಲೆ ಕಾಯುವುದು. ಹೊಸಬರೆಲ್ಲ ಇಲ್ಲೇ ಅವಸರ ಮಾಡುತ್ತೇವೆ. "ಗಡಿಬಿಡಿ ಮಾಡಬ್ಯಾಡ, ಬಟ್ಟಿಗೆ ಹತ್ತಬಾರದು, ಅಲ್ಲೀತನಕ ಕುಂದ್ರು" ಅಂತ ಕಾಕಾ ಹೇಳುತ್ತಾರೆ. ಬಟ್ಟು ಅಂದರೆ ಬೆರಳು. ಬೆರಳಿನ ಹಿಂಬದಿ ತಾಗಿಸಿದರೆ ಅಂಟು ಎಳೆಯಬಾರದು. ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ಸಾಕು. ಹಸಿ ಇದ್ದಾಗಲೇ ಜೋಡಿಸಿದರೆ ಥಿನ್ನರ್ ಒಳಗೇ ಉಳಿದು ಅಂಟು ಮೆತ್ತಗಾಗೇ ಇರುತ್ತದೆ. ಜೋಡಿಸಿದ ಮೇಲೆ ಎಷ್ಟು ಹೊತ್ತು ಒತ್ತಿದಿರಿ ಅನ್ನೋದಕ್ಕಿಂತ ಎಷ್ಟು ಜೋರಾಗಿ ಒತ್ತಿದಿರಿ ಅನ್ನೋದು ಮುಖ್ಯ. ನಡುವಿನಿಂದ ಅಂಚಿನ ಕಡೆಗೆ ಸುತ್ತಿಗೆಯಲ್ಲಿ ಬಡಿಯುತ್ತಾ ಬನ್ನಿ, ಗಾಳಿ ಹೊರಗೆ ಹೋಗಲಿ.

ಮಳೆಗಾಲದ ಒಂದು ಮಾತು. ಥಿನ್ನರ್ ಹಾರುವಾಗ ಅಂಟಿನ ಮೇಲ್ಮೈ ತಣ್ಣಗಾಗುತ್ತದೆ. ಮುಂಬಯಿಯ ಜುಲೈ ಗಾಳಿಯ ಪಸೆ ಆ ತಂಪಿನ ಮೇಲೆ ಇಬ್ಬನಿಯಂತೆ ಕೂರುತ್ತದೆ. ಅಂಟು ಬೆಳ್ಳಗೆ ಮಬ್ಬಾಗಿ ಕಂಡರೆ ಅದೇ ಕಾರಣ. ಹಾಗೇ ಜೋಡಿಸಿದರೆ ನೀರಿನ ಮೇಲೆ ಅಂಟಿಸಿದ ಹಾಗೆ. ನಾವು ತೊಗಲನ್ನೂ ರಬ್ಬರನ್ನೂ ಮೊದಲೇ ಬಲ್ಬಿನ ಕೆಳಗಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತೇವೆ. ಬಲ್ಬು ಆರಿಸಿ ದೂರ ಇಟ್ಟ ಮೇಲೇ ಡಬ್ಬಿಯ ಮುಚ್ಚಳ ತೆಗೆಯುವುದು. ಸೊಲ್ಯೂಷನ್ನಿನ ಆವಿಗೆ ಬೆಂಕಿ ತಟ್ಟನೆ ಹತ್ತುತ್ತದೆ. ಕಿಟಕಿ ತೆರೆದಿರಲಿ. ಚಿಕ್ಕ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಈ ಕೆಲಸ ದಯವಿಟ್ಟು ಮಾಡಬೇಡಿ, ತಲೆ ಸುತ್ತು ಬರುತ್ತದೆ, ವರ್ಷಗಟ್ಟಲೆ ಆದರೆ ನರಗಳಿಗೂ ಪೆಟ್ಟು.

ಬಿಟ್ಟ ಬಾಯಿಯನ್ನು ಓದುವುದು

ಕಾಕಾ ನನ್ನ ಶೂವಿನಲ್ಲಿ ನೋಡಿದ್ದು ಇದನ್ನೇ. ಅಂಟು ಯಾವ ಕಡೆ ಉಳಿದಿದೆ? ನನ್ನದರಲ್ಲಿ ಹಳದಿ ಪದರ ಪೂರ್ತಿಯಾಗಿ ತೊಗಲಿಗೆ ಹತ್ತಿಕೊಂಡಿತ್ತು. ರಬ್ಬರ್ ಕಪ್ಪಗೆ, ಹೊಸದರ ಹಾಗೆ ಹೊಳೀತಾ ಇತ್ತು. ಅಂದರೆ ರಬ್ಬರಿನ ಜಿಡ್ಡನ್ನು ನಾನು ತೆಗೆದೇ ಇರಲಿಲ್ಲ. ಮಳೆ ಬರೀ ನೆಪ.

ರಬ್ಬರಿನ ಕಡೆ ಅಂಟಿನ ಜೊತೆ ತೊಗಲಿನ ತೆಳು, ನುಣುಪು ಸಿಪ್ಪೆ ಬಂದಿದ್ದರೆ ತೊಗಲನ್ನು ಸರಿಯಾಗಿ ಉಜ್ಜಿಲ್ಲ ಅಂತ. ಸಿಪ್ಪೆ ಅಲ್ಲ, ಉದ್ದ ಎಳೆಗಳೇ ಕಿತ್ತು ಬಂದಿದ್ದರೆ ಅಂಟಿನದು ತಪ್ಪಿಲ್ಲ. ತೊಗಲೇ ಸೋತಿದೆ, ಬಹುಶಃ ಹೊಟ್ಟೆಯ ಭಾಗದ್ದು ಅಥವಾ ನೆನೆದು ಕೊಳೆತದ್ದು. ಎರಡೂ ಕಡೆ ಅಂಟು ಇದ್ದು, ಎರಡೂ ಒಣಗಿ ಮಿನುಗುತ್ತಿದ್ದರೆ ಜೋಡಿಸಲು ತಡ ಮಾಡಿದಿರಿ ಅಥವಾ ಒತ್ತಿದ್ದು ಸಾಲದು. ರಿಪೇರಿಗೆ ಬಂದ ಶೂವನ್ನು ಹೀಗೆ ಓದದೆ ಸುಮ್ನೆ ಮತ್ತೆ ಅಂಟು ಹಚ್ಚಿ ಕೊಟ್ಟರೆ, ಅದೇ ಜಾಗದಲ್ಲಿ ಮತ್ತೆ ಬಿಡುತ್ತದೆ.

ಕಪಾಟಿನಲ್ಲಿಟ್ಟ ಶೂವಿನ ತಳ ಮುಟ್ಟಿದರೆ ಬೆಲ್ಲದ ಹಾಗೆ ಪುಡಿಪುಡಿ ಆಗಿದ್ದರೆ ಅದು ರಬ್ಬರ್ ಅಲ್ಲ, ಪಿಯು. ಗಾಳಿಯ ಪಸೆಯಿಂದಲೇ ಅದು ಒಳಗೊಳಗೇ ಒಡೆಯುತ್ತದೆ, ತೊಡದೇ ಇಟ್ಟರೂ ಬಿಡಲ್ಲ. ಅದರ ಮೇಲೆ ಏನು ಅಂಟಿಸಿದರೂ ದಂಡ. ಪೂರ್ತಿ ತೆಗೆದು ಹೊಸ ತಳ ಹಾಕಬೇಕು.

ಈ ವಾರದ ಅಭ್ಯಾಸ

ಒಂದು ಇಂಚು ಅಗಲದ ತೊಗಲಿನ ಪಟ್ಟಿ ಆರು, ರಬ್ಬರ್ ಪಟ್ಟಿ ಆರು ಕತ್ತರಿಸಿ. ಎರಡು ಜೋಡಿ ಉಜ್ಜದೆ ಅಂಟಿಸಿ, ಎರಡು ಜೋಡಿ ತೊಗಲು ಮಾತ್ರ ಉಜ್ಜಿ, ಎರಡು ಜೋಡಿ ಎರಡೂ ಕಡೆ ಉಜ್ಜಿ ಒರೆಸಿ. ಕೈಯಲ್ಲಿ ಹಿಡಿಯಲು ತುದಿಯಲ್ಲಿ ಒಂದಿಂಚು ಅಂಟಿಲ್ಲದೆ ಬಿಡಿ. ಒಂದು ದಿನ ಒಣಗಲಿ. ಪ್ರತಿ ಬಗೆಯಲ್ಲೂ ಒಂದನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಇನ್ನೊಂದನ್ನು ಹಾಗೇ ಬಿಡಿ. ಬೆಳಿಗ್ಗೆ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಬಿಟ್ಟ ಪ್ರತಿ ಜೋಡಿಯಲ್ಲೂ ಅಂಟು ಯಾವ ಕಡೆ ನಿಂತಿದೆ ಅಂತ ಬರೆದಿಟ್ಟುಕೊಳ್ಳಿ. ನನ್ನ ಆರು ಜೋಡಿ ಕಿಟಕಿಯ ಹತ್ತಿರ ಒಣಗುತ್ತಿವೆ, ಭಾನುವಾರ ಕ್ಲಾಸಿಗೆ ತರುತ್ತೇನೆ. ನಿಮ್ಮವನ್ನೂ ತನ್ನಿ, ಪಕ್ಕಪಕ್ಕ ಇಟ್ಟು ನೋಡೋಣ.